ಭಟ್ಟಿ ಲೈನಿನಲ್ಲಿ ಪ್ರೊಜೆಕ್ಟರ್

ಮಂಡಕ್ಕಿ ಚೀಲದ ಮೇಲಿಟ್ಟೆ ಮೊದಲು,
ಉಸ್ಸೆಂದು ಕುಸಿಯಿತು.
ಭತ್ತದ ಚೀಲ ತರಿಸಿದೆ, ಎರಡು,
ಮೇಲೊಂದು ಹಲಗೆ, ಹಲಗೆಗೆ ಬೆಂಕಿಪೊಟ್ಟಣದ ಒತ್ತು.
ದಾವಣಗೆರೆಯಲ್ಲಿ ಹದಿನಾರು ವರ್ಷದಿಂದ
ಬಾಡಿಗೆಗೆ ಬೆಳಕು ಕೊಡುವವನು ನಾನು,
ಆರತಕ್ಷತೆ, ಸಹಕಾರಿ ಬ್ಯಾಂಕಿನ ಸರ್ವಸದಸ್ಯರ ಸಭೆ,
ಕ್ರಿಕೆಟ್ ಫೈನಲ್ಲು;
ಇಂಥ ಗೋಡೆ ಕಂಡಿರಲಿಲ್ಲ.
ಬೆಳಿಗ್ಗೆ ಎರಡು ಸಲ ಸುಣ್ಣ ಬಳಿದರಂತೆ,
ಮಧ್ಯಾಹ್ನಕ್ಕೇ ಒಳಗಿನ ಮಸಿ ಹೊರಗೆ ಬಂದು ಕೂತಿತ್ತು,
ಹೇಳದೆ ಬಂದ ನೆಂಟನ ಹಾಗೆ.

"ತಿಪ್ಪೇಶಣ್ಣ, ಅಕ್ಷರ ಸಣ್ಣವು, ಚೊಕ್ಕ ಕಾಣಬೇಕು"
ಅಂದಳು ಫರ್ಜಾನ. ಪಾಲಿಟೆಕ್ನಿಕ್ಕು, ಕೊನೇ ವರ್ಷ,
ಹೊಗೆ ಕಡಿಮೆ ಉಗುಳುವ ಭಟ್ಟಿಯೊಂದನ್ನು
ಕಾಗದದ ಮೇಲೆ ಕಟ್ಟಿದವಳು.
ಲೈನಿನವರಿಗೆಲ್ಲ ಇವತ್ತು ತೋರಿಸಬೇಕು.

ಕತ್ತಲಿಗೆ ಕಾದೆವು.
ಬೀದಿದೀಪಕ್ಕೆ ಯಾರದೋ ಹುಡುಗ ಗೋಣಿ ತೊಡಿಸಿ ಇಳಿದ.
ಗೋಡೆ ತುಂಬ ನೀಲಿ, 'ಸಿಗ್ನಲ್ ಇಲ್ಲ',
ಆ ನೀಲಿಯಲ್ಲೇ ಮಕ್ಕಳ ಬೆರಳು ನಾಯಿಯಾದವು, ಜಿಂಕೆಯಾದವು,
ಒಬ್ಬನದು ಬರೀ ಬೆರಳಾಗಿಯೇ ಉಳಿಯಿತು.

ಚಿತ್ರ ಬಂತು, ಮೊರದ ಹಾಗೆ:
ಮೇಲೆ ಅಗಲ ಬಾಯಿ, ಕೆಳಗೆ ಕಿರಿದು ಬುಡ.
"ಕೇರಲಿಕ್ಕೆ ಆತು ಬಿಡ್ರಿ" ಎಂದು ಹೆಂಗಸರು ನಕ್ಕರು.
ಅದಕ್ಕೊಂದು ಗುಂಡಿ ಇದೆ, ನಾನು ಒತ್ತುವುದಿಲ್ಲ;
ಚೌಕ ಮಾಡುತ್ತೇನೆಂದು ಹೇಳಿ ಅಕ್ಷರದ ಅಂಚು ಕಡಿಯುತ್ತದೆ.
ಯಂತ್ರದ ಮೋರೆಯನ್ನೇ ಗೋಡೆಗೆ ನೆಟ್ಟಗೆ ಮಾಡಬೇಕು,
ಇನ್ನೊಂದು ಚೀಲ ಬೇಕು. ಹೊತ್ತು ತಂದರು.

ಮೊದಲು ಜೂಮು, ಆಮೇಲೆ ಫೋಕಸ್ಸು.
ನಡುವೆ ನೋಡಬಾರದು, ಮೂಲೆ ನೋಡಬೇಕು,
ನಡು ಯಾರಿಗಾದರೂ ಒಲಿಯುತ್ತದೆ.
ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸಿದೆ:
ಎರಡಾಗಿದ್ದ ಚಿಮಣಿಯ ಗೆರೆ ಒಂದಾಯಿತು,
'ಗಾಳಿ ಹೋಗುವ ದಾರಿ' ಎಂಬಲ್ಲಿ
ದಾರಿಯ ದೀರ್ಘವೂ ಕಂಡಿತು.
ಪಕ್ಕದ ಭಟ್ಟಿ ಇನ್ನೂ ಉರಿಯುತ್ತಿತ್ತು;
ಅದರ ಹೊಗೆ ಬೆಳಕಿನ ಕೋಲನ್ನು ಹತ್ತಿ
ಅವಳು ಬರೆದ ಚಿಮಣಿಯನ್ನು ದಾಟಿ ಹೋಯಿತು.

"ಆಯ್ತಾ?"
"ಆಯ್ತು!" ಲೈನಿಗೆ ಲೈನೇ ಕೂಗಿತು.

"ಇನ್ನೂ ಮಬ್ಬೈತಿ."

ಮುಂದಿನ ಸಾಲಿನಲ್ಲಿ ಖಾಜಾಬಿ, ಫರ್ಜಾನಳ ಅಜ್ಜಿ,
ಐವತ್ತು ವರ್ಷ ಕಾದ ಮರಳಿನ ಮುಂದೆ ಕೂತವಳು.
ಉಂಗುರ ಹಿಂದಕ್ಕೆ. "ಈಗ?" "ಮಬ್ಬು."
ಮುಂದಕ್ಕೆ. "ಹಂಗೇ ಐತಿ."
ಮಸೂರ ಒರೆಸಿದೆ, ಹತ್ತಿ ಬಟ್ಟೆ, ಒಳಗಿಂದ ಹೊರಕ್ಕೆ ಸುತ್ತು.
ಬೆಳಕು ಏರಿಸಿದೆ, ಇಳಿಸಿದೆ,
ಕಪ್ಪನ್ನು ಇನ್ನಷ್ಟು ಕಪ್ಪು ಮಾಡಿದೆ.
"ರಾತ್ರಿ ಬಸ್ ಬಂದಂಗ ಕಾಣ್ತತಿ ನೋಡಪ್ಪ,
ಲೈಟ್ ಐತಿ, ಬೋರ್ಡ್ ಇಲ್ಲ."
ನನಗೂ ಹಟ ಬಂತು. ವೈರು ಕಿತ್ತು ಮತ್ತೆ ಸಿಕ್ಕಿಸಿದೆ.

ಫರ್ಜಾನ ಮೊಣಕೈ ಹಿಡಿದಳು, ತಗ್ಗಿದ ದನಿ:
"ಅಣ್ಣ, ಬಿಡು. ಅದು ನಿನ್ನ ಮಷೀನಿಂದಲ್ಲ."
ಆಗ ನೋಡಿದೆ, ಬೆಳಕಿನ ಸೆರಗು ತಾಗಿದ ಆ ಮುಖ,
ಕಣ್ಣೊಂದರಲ್ಲಿ ಒಂದೊಂದು ಅರಳಿದ ಅಕ್ಕಿ.

ಹುಡುಗಿ ಮುಕ್ಕಾಲು ಗಂಟೆ ಮಾತಾಡಿದಳು.
ಯಾರೋ ಹೊಟ್ಟಿನ ಲೆಕ್ಕ ಕೇಳಿದರು,
ಯಾರೋ ಸಾಲ ಕೊಡೋರು ಯಾರು ಅಂದರು,
ಅದಕ್ಕೆ ಮಾತ್ರ ಉತ್ತರ ಬರಲಿಲ್ಲ.

ದೀಪ ಆರಿಸಿದೆ, ಫ್ಯಾನು ತಿರುಗುತ್ತಲೇ ಇತ್ತು;
ತಣಿಯುವ ಮುಂಚೆ ವೈರು ಕೀಳಬಾರದು, ಬಲ್ಬಿಗೆ ಕೇಡು.
ಖಾಜಾಬಿ ಎದ್ದು ಬಂದಳು, ಚೀಲಗಳನ್ನು ಸವರುತ್ತ,
ಬಿಸಿಗಾಳಿ ಉಗುಳುವ ಜಾಲರಿಗೆ ಅಂಗೈ ಹಿಡಿದಳು,
ತಲೆ ಓರೆ ಮಾಡಿ, ಮರಳಿನ ಹದ ಕೇಳುವವಳ ಹಾಗೆ.
"ಇದೂ ಒಂದು ಭಟ್ಟಿನೇ" ಅಂದಳು,
"ಆದ್ರ ಇಷ್ಟು ಶಾಖಕ್ಕ ಅಕ್ಕಿ ಅರಳಂಗಿಲ್ಲ ಮಗ,
ಇನ್ನೊಂದೀಟು ಹೊಟ್ಟು ಹಾಕು."